ಕಂಡುಬರಲಿಲ್ಲ ಎಂದರೆ ಇಲ್ಲ ಎಂದಲ್ಲ

ಅಂಕಣ: ಪ್ರನಾಳದೊಳಗಿಂದ



ಕಳೆದ ಯುಗಾದಿಯ ಊಟ ಮುಗಿದ ಮೇಲೆ ನಡೆದ ಒಂದು ಸಣ್ಣ ಸಂಗತಿಯಿಂದ ಈ ಸಲದ ಅಂಕಣವನ್ನು ಪ್ರಾರಂಭಿಸುತ್ತೇನೆ. ಒಬ್ಬಟ್ಟು ಬೇಕಾದಷ್ಟಿತ್ತು, ಕೋಸಂಬರಿ ಮಾತ್ರ ಎರಡನೆಯ ಪಂಕ್ತಿಗೆ ಸಾಲಲಿಲ್ಲ ಎಂಬುದು ನಿಮಗೆಲ್ಲ ನೆನಪಿರಬಹುದು. ಎಲೆ ಎತ್ತುವ ಕೆಲಸ ನಮ್ಮ ತಂಡದ ಪಾಲಿಗೆ ಬಂದಿತ್ತು. ಎಲೆ ಎಂದರೆ ಇಲ್ಲಿ ಕಾಗದದ ತಟ್ಟೆ, ಪ್ಲಾಸ್ಟಿಕ್ ಲೋಟ, ಪ್ಲಾಸ್ಟಿಕ್ ಚಮಚ. ಹನ್ನೊಂದು ಕಪ್ಪು ಚೀಲ ತುಂಬಿದವು. ಚೀಲ ಹಿಡಿದು ಸಹಾಯ ಮಾಡುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕೇಳಿದಳು: "ಆಂಟಿ, ಇದೆಲ್ಲ ಎಲ್ಲಿಗೆ ಹೋಗತ್ತೆ?"

"ಟ್ರಕ್ಕಿಗೆ" ಎಂದೆ.

"ಟ್ರಕ್ಕಿಂದ?"

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕು ಉತ್ತರಿಸಿದರು. ಅವರು ಈ ಊರಿಗೆ ಬಂದು ನಲವತ್ತು ವರ್ಷ ದಾಟಿದ, ನಿವೃತ್ತ ಸಿವಿಲ್ ಇಂಜಿನಿಯರು. "ಇನ್ನೆಲ್ಲಿಗೆ ಮಗು, ರಾಪ್ ರೋಡ್ ಗುಡ್ಡಕ್ಕೆ! ಮೈಸೂರಿಗೆ ಚಾಮುಂಡಿ ಬೆಟ್ಟ ಹೇಗೋ ನಮ್ಮ ಆಲ್ಬನಿಗೆ ಅದು ಹಾಗೆ." (ತಾಯಿ ಕ್ಷಮಿಸಲಿ.) ಆಲ್ಬನಿಯವರ ಬಾಯಲ್ಲಿ ಕಸ ಎಂದರೆ ರಾಪ್ ರೋಡ್ ಎಂಬುದು ಹಲವು ದಶಕಗಳ ರೂಢಿ. ಅಷ್ಟಕ್ಕೇ ಬಿಡದೆ ಅವರು ನನ್ನ ಕಡೆ ತಿರುಗಿದರು.

"ಅಲ್ಲಮ್ಮಾ, ಆ ಗುಡ್ಡ ಸ್ವಲ್ಪ ಅಗಲ ಮಾಡಬೇಕು ಅಂದಾಗ ಎಷ್ಟು ಗಲಾಟೆ ಗೊತ್ತೇ? ಉಗುರಿನಷ್ಟು ಅಗಲದ ಒಂದು ಚಿಟ್ಟೆ ಇದೆಯಂತೆ. ಅದಕ್ಕೆ ಅರ್ಜಿ, ವರದಿ, ಕೋರ್ಟು, ಕಚೇರಿ! ನೀನು ಡಾಕ್ಟರಮ್ಮ, ನೀನೇ ಹೇಳು. ತಿಳಿದವನೊಬ್ಬ ಒಂದು ಮಧ್ಯಾಹ್ನ ಹೋಗಿ ನೋಡಿಕೊಂಡು ಬಂದರೆ ಆಯಿತಲ್ಲ? ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇದಕ್ಕೆ ಇಷ್ಟು ರಾದ್ಧಾಂತ ಯಾಕೆ?"

ಸುತ್ತ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಕಾರಿನಲ್ಲಿ ಮನೆಗೆ ಹೋಗುವಾಗ ಆ ಪ್ರಶ್ನೆ ಜೊತೆಯಲ್ಲೇ ಬಂತು. "ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ" ಎಂಬ ಮಾತು ಕೇಳಲು ಎಷ್ಟು ಸರಳ! ಇದೇ ಮಾತಿಗಾಗಿ ನಾನು ಒಮ್ಮೆ ಚೆನ್ನಾಗಿ ಬೈಸಿಕೊಂಡಿದ್ದೇನೆ. ಆ ಕಥೆ ಆಮೇಲೆ ಹೇಳುತ್ತೇನೆ. ಮೊದಲು ಆ ಜಾಗದ ಪರಿಚಯವಾಗಲಿ. ನಾವೆಲ್ಲ ವಾರಕ್ಕೊಮ್ಮೆಯಾದರೂ ಅದರ ಮೇಲೆಯೇ ಕಾರು ಓಡಿಸುತ್ತೇವೆ, ಆದರೂ ಅದನ್ನು ನೋಡಿರುವುದಿಲ್ಲ.

ಹಿಮಯುಗದ ಕೊನೆಯಲ್ಲಿ, ಹಿಮನದಿಗಳು ಕರಗಿ ಹಿಂದೆ ಸರಿಯುವ ಕಾಲಕ್ಕೆ, ಈ ಊರಿರುವ ಕಡೆ ದೊಡ್ಡ ಸರೋವರವೊಂದಿತ್ತು. ಭೂವಿಜ್ಞಾನಿಗಳು ಅದನ್ನು ಆಲ್ಬನಿ ಸರೋವರ ಎಂದೇ ಕರೆಯುತ್ತಾರೆ. ಸರೋವರ ಬತ್ತಿತು, ಮರಳು ಉಳಿಯಿತು. ಗಾಳಿ ಆ ಮರಳನ್ನು ದಿಬ್ಬ ದಿಬ್ಬವಾಗಿ ಗುಡ್ಡೆ ಹಾಕಿತು. ನೀರು ನಿಲ್ಲದ, ಸಾರವಿಲ್ಲದ ಆ ಮರಳಿನಲ್ಲಿ ಪಿಚ್ ಪೈನ್ ಮರವೂ ಕುರುಚಲು ಓಕ್ ಗಿಡವೂ ಬೇರೂರಿದವು. ಆಗಾಗ ಬೆಂಕಿ ಬಿದ್ದು ಪೊದೆ ಸುಟ್ಟುಹೋಗುವುದು ಇಲ್ಲಿನ ಕ್ರಮ. ಪಿಚ್ ಪೈನ್‌ಗೆ ದಪ್ಪ ತೊಗಟೆ ಇದೆ, ಸುಟ್ಟರೂ ಚಿಗುರುತ್ತದೆ. ಬೆಂಕಿ ಬೀಳದಿದ್ದರೇ ಈ ಕಾಡಿಗೆ ಕೇಡು. ನೆರಳು ಕೊಡುವ ಬೇರೆ ಮರಗಳು ನುಗ್ಗಿ, ಬಿಸಿಲನ್ನೇ ನಂಬಿದ ಸಣ್ಣ ಗಿಡಗಳು ಸತ್ತುಹೋಗುತ್ತವೆ. ಇದೇ ಆಲ್ಬನಿ ಪೈನ್ ಬುಷ್.

ಒಂದು ಕಾಲಕ್ಕೆ ಇದು ಸುಮಾರು 25,000 ಎಕರೆ ಹರಡಿತ್ತಂತೆ. ಆಮೇಲೆ ಹೆದ್ದಾರಿಗಳು ಬಂದವು, ಬಡಾವಣೆಗಳು ಬಂದವು, 1984ರಲ್ಲಿ ಕ್ರಾಸ್‌ಗೇಟ್ಸ್ ಮಾಲ್ ಬಂತು. ನಡುವೆ ಕಸದ ಗುಡ್ಡವೂ ಎದ್ದಿತು. ಉಳಿದದ್ದನ್ನಾದರೂ ಕಾಯೋಣವೆಂದು ರಾಜ್ಯದ ಶಾಸನಸಭೆ 1988ರಲ್ಲಿ ಪೈನ್ ಬುಷ್ ರಕ್ಷಣೆಗೆ ಒಂದು ಆಯೋಗ ರಚಿಸಿತು. ಅದರ ಕೈಯಲ್ಲಿರುವುದು ಇಂದು ಮೂರು ಸಾವಿರಕ್ಕೂ ಸ್ವಲ್ಪ ಹೆಚ್ಚು ಎಕರೆ, ಅದೂ ತುಂಡು ತುಂಡಾಗಿ. ಹರಿದ ಸೀರೆಯಿಂದ ಕೌದಿಗೆಂದು ಕತ್ತರಿಸಿಟ್ಟ ಚೂರುಗಳಂತೆ ಎಂದುಕೊಳ್ಳಿ. ಇನ್ನೂ ಯಾರೂ ಹೊಲಿದಿಲ್ಲ, ಅಷ್ಟೆ.

ಈಗ ಆ ಉಗುರಿನಷ್ಟು ಚಿಟ್ಟೆಯ ವಿಚಾರ. ಅದರ ಹೆಸರು ಕಾರ್ನರ್ ಬ್ಲೂ. ಕಾರ್ನರ್ ಎಂಬುದು ಪೈನ್ ಬುಷ್‌ನೊಳಗೇ ಇದ್ದ ಒಂದು ಪುಟ್ಟ ರೈಲು ನಿಲ್ದಾಣದ ಹೆಸರು. ಚಿಟ್ಟೆಗೆ ಶಾಸ್ತ್ರೀಯ ಹೆಸರು ಕೊಟ್ಟವರು ಯಾರು ಗೊತ್ತೆ? ಕಾದಂಬರಿಕಾರ ವ್ಲಾಡಿಮಿರ್ ನಬೊಕೊವ್. 1940ರ ದಶಕದಲ್ಲಿ ಅವರು ಹಾರ್ವರ್ಡ್‌ನ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿ ನೀಲಿ ಚಿಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಅಭ್ಯಾಸ ಮಾಡುತ್ತಿದ್ದರು. ಸೂಜಿ ಚುಚ್ಚಿಟ್ಟ ಹಳೆಯ ಮಾದರಿಗಳನ್ನು ನೋಡಿ ಇದು ಬೇರೆಯದೇ ಬಗೆ ಎಂದು ಗುರುತಿಸಿದರು. ಅದನ್ನು ಜೀವಂತವಾಗಿ ನೋಡಲು ಅವರು ಕಾರ್ನರ್ ಹತ್ತಿರ ಬಂದದ್ದು 1950ರಲ್ಲಿ.

ರೆಕ್ಕೆ ಬಿಚ್ಚಿದರೆ ಒಂದಂಗುಲ. ಗಂಡಿನದು ಕಡು ನೀಲಿ, ಹೆಣ್ಣಿನದು ಬೂದುಗಂದು, ಅಂಚಿಗೆ ಕಿತ್ತಳೆ ಚುಕ್ಕಿ. ಇದರ ಮರಿಹುಳು ತಿನ್ನುವುದು ಕಾಡು ಲುಪಿನ್ ಎಂಬ ಒಂದೇ ಒಂದು ಗಿಡದ ಎಲೆಯನ್ನು. ಬೇರೆ ಯಾವ ಸೊಪ್ಪು ಇಟ್ಟರೂ ಉಪವಾಸ ಸಾಯುತ್ತದೆಯೇ ಹೊರತು ಮುಟ್ಟುವುದಿಲ್ಲ. ನಮ್ಮಲ್ಲಿ ಕೆಲವರ ಮನೆಯ ಮಕ್ಕಳು ನೆನಪಾದರೆ ನಾನು ಹೊಣೆಯಲ್ಲ. ಹುಳುವಿನ ಮೈಯಿಂದ ಒಸರುವ ಸಿಹಿ ದ್ರವಕ್ಕೆ ಇರುವೆಗಳು ಬರುತ್ತವೆ, ಬಂದವು ಶತ್ರುಗಳಿಂದ ಅದನ್ನು ಕಾಯುತ್ತವೆ. ವರ್ಷಕ್ಕೆ ಎರಡು ತಲೆಮಾರು: ಮೊದಲನೆಯದು ಮೇ ಕೊನೆಯಿಂದ ಜೂನ್‌ವರೆಗೆ ಹಾರುತ್ತದೆ, ಎರಡನೆಯದು ಜುಲೈ ನಡುವಿನಿಂದ ಆಗಸ್ಟ್‌ವರೆಗೆ. ಒಂದೊಂದು ಚಿಟ್ಟೆಯ ಬಾಳು ಸರಾಸರಿ ಒಂದು ವಾರವೂ ಇಲ್ಲ. ಎರಡನೆಯ ತಲೆಮಾರು ಇಟ್ಟ ಮೊಟ್ಟೆ ಹಿಮದ ಕೆಳಗೆ ಚಳಿಗಾಲ ಕಳೆದು ಏಪ್ರಿಲ್‌ನಲ್ಲಿ ಒಡೆಯುತ್ತದೆ.

ನ್ಯೂಯಾರ್ಕ್ ರಾಜ್ಯ ಇದನ್ನು 1977ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ಕೇಂದ್ರ ಸರ್ಕಾರ 1992ರಲ್ಲಿ ಸೇರಿಸಿತು. ಪಟ್ಟಿಗೆ ಸೇರಿತೆಂದರೆ ಅದಿರುವ ನೆಲದ ಬಳಿ ಏನನ್ನಾದರೂ ಕಟ್ಟುವವರು, ತೋಡುವವರು, ತುಂಬುವವರು ಮೊದಲು "ಇಲ್ಲಿ ಏನಿದೆ?" ಎಂದು ನೋಡಿ ವರದಿ ಕೊಡಬೇಕು.

ನಮ್ಮ ಹಿರಿಯರ ಪ್ರಶ್ನೆ ಇಲ್ಲೇ ಬರುತ್ತದೆ. ಒಂದು ಮಧ್ಯಾಹ್ನ ಹೋಗಿ ನೋಡಿ ಬಂದರೆ ಸಾಲದೇ?

ಸರಿ, ಯಾವ ಮಧ್ಯಾಹ್ನ? ಅಕ್ಟೋಬರಿನಲ್ಲಿ ಹೋದರೆ ಒಂದೂ ಚಿಟ್ಟೆ ಇರುವುದಿಲ್ಲ. ಲುಪಿನ್ ಗಿಡವೂ ನೆಲದ ಮೇಲೆ ಒಣಗಿ ಹೋಗಿರುತ್ತದೆ. ಸಾಸಿವೆಕಾಳಿಗಿಂತ ಚಿಕ್ಕ ಮೊಟ್ಟೆಗಳು ಒಣಕಲು ಕಸದಲ್ಲಿ ಅಂಟಿಕೊಂಡಿರುತ್ತವೆ. ಆ ನೆಲವನ್ನು ತುಳಿದುಕೊಂಡು ಹೋಗಿ "ಯಾವ ಸಂರಕ್ಷಿತ ಜೀವಿಯೂ ಕಂಡುಬರಲಿಲ್ಲ" ಎಂದು ಬರೆದರೆ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಮುಂದಿನ ವರ್ಷದ ಚಿಟ್ಟೆಗಳೆಲ್ಲ ಬರೆದವನ ಬೂಟಿನ ಕೆಳಗೇ ಇದ್ದವು!

ಜೂನ್‌ನಲ್ಲೇ ಹೋದರೂ ಮುಗಿಯಲಿಲ್ಲ. ಇದು ನನ್ನ ಸ್ವಂತ ಅನುಭವ. ಹೋದ ವರ್ಷ ಊರಿಂದ ಅಮ್ಮ ಬಂದಿದ್ದರು. ಜೂನ್ ಮೊದಲ ವಾರದ ಒಂದು ಶನಿವಾರ ಅವರನ್ನು ಪೈನ್ ಬುಷ್‌ನ ಕಾಲುದಾರಿಯಲ್ಲಿ ಕರೆದುಕೊಂಡು ಹೋದೆ. ಲುಪಿನ್ ನೀಲಿಯಾಗಿ ಅರಳಿ ನಿಂತಿತ್ತು. ಅಮ್ಮ ಬಗ್ಗಿ ನೋಡಿ, "ಇದು ನಮ್ಮ ಗದ್ದೆಯ ಅಪ್ಸೆಣಬಿನ ಹೂವಿನ ಹಾಗೇ ಇದೆಯಲ್ಲೇ, ಬಣ್ಣ ಒಂದು ಬೇರೆ" ಎಂದರು. ಸಸ್ಯಶಾಸ್ತ್ರ ಓದದ ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು, ಎರಡೂ ಒಂದೇ ಕುಟುಂಬ. ಹುರುಳಿ, ಅವರೆ, ತೊಗರಿ ಎಲ್ಲ ಅದರ ನೆಂಟರೇ. ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯ ಸಾಕಿಕೊಂಡು ಗಾಳಿಯ ಸಾರಜನಕವನ್ನು ಗೊಬ್ಬರ ಮಾಡಿಕೊಳ್ಳುವ ಜಾತಿ. ಸಾರವಿಲ್ಲದ ಮರಳಿನಲ್ಲಿ ಅದು ಬದುಕಲು ಇದೇ ಉಪಾಯ.

ಆ ದಿನ ಮೋಡ ಮುಸುಕಿತ್ತು, ಸಣ್ಣಗೆ ಗಾಳಿ ಬೀಸುತ್ತಿತ್ತು. ಎರಡು ಗಂಟೆ ನಡೆದೆವು. ಒಂದು ನೀಲಿ ಚಿಟ್ಟೆಯೂ ಕಾಣಲಿಲ್ಲ. "ನಿನ್ನ ಚಿಟ್ಟೆ ಪೇಪರಿನಲ್ಲಿ ಮಾತ್ರ ಇರೋದು ಕಣೇ" ಎಂದು ಅಮ್ಮ ನಕ್ಕರು. ಮಂಗಳವಾರ ಬಿಸಿಲು ಬಿತ್ತು. ಹಟ ಹಿಡಿದು ರಜೆ ಹಾಕಿ ಮತ್ತೆ ಹೋದೆವು. ಅದೇ ದಾರಿ, ಅದೇ ಗಿಡಗಳು. ಮೊದಲ ಅರ್ಧ ಗಂಟೆಯಲ್ಲಿ ಅಮ್ಮನೇ ಏಳು ಎಣಿಸಿದರು, ಎಂಟನೆಯದು ಎಲೆಯ ನೆರಳೋ ಏನೋ ಎಂದು ಬಿಟ್ಟರು. ಶನಿವಾರವೂ ಅವು ಅಲ್ಲೇ ಎಲ್ಲೋ ರೆಕ್ಕೆ ಮಡಚಿ ಕೂತಿದ್ದವು. ನಮಗೆ ಕಾಣಲಿಲ್ಲ, ಅಷ್ಟೆ.

ಎಣಿಸುವುದನ್ನೇ ಕಸುಬಾಗಿಸಿಕೊಂಡವರು ಇದಕ್ಕೆ ಕಟ್ಟುನಿಟ್ಟಿನ ಕ್ರಮ ಮಾಡಿಕೊಂಡಿದ್ದಾರೆ. ನೆಲದ ಮೇಲೆ ಮೊದಲೇ ಗೆರೆ ಗುರುತು ಮಾಡಿ, ಅದೇ ಗೆರೆಯ ಮೇಲೆ ಒಂದೇ ವೇಗದಲ್ಲಿ ನಡೆಯಬೇಕು. ಬೆಚ್ಚಗಿರಬೇಕು, ಬಿಸಿಲಿರಬೇಕು, ಗಾಳಿ ಕಡಿಮೆ ಇರಬೇಕು. ಕಂಡ ಚಿಟ್ಟೆ ಗೆರೆಯಿಂದ ಎಷ್ಟು ದೂರ ಎಂದೂ ಬರೆದುಕೊಳ್ಳಬೇಕು. ದೂರ ಹೋದ ಹಾಗೆ ಕಣ್ಣು ತಪ್ಪುವುದು ಹೆಚ್ಚು. ಎಷ್ಟು ತಪ್ಪಿತು ಎಂಬುದನ್ನು ಆ ಅಳತೆಯಿಂದ ಲೆಕ್ಕ ಹಾಕಬಹುದು. ಹಾರಾಟದ ಕಾಲ ಮುಗಿಯುವವರೆಗೆ ಮತ್ತೆ ಮತ್ತೆ ಹೋಗಬೇಕು.

ಈಗ ನಾನು ಬೈಸಿಕೊಂಡ ಕಥೆ. ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಕೊಳವೆಬಾವಿಯ ನೀರಿನಲ್ಲಿ ಸೀಸ ಎಷ್ಟಿದೆ ಎಂದು ಅಳೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಯಂತ್ರದ ಮುಳ್ಳು ಅಲುಗಲಿಲ್ಲ ಎಂದು ಪಟ್ಟಿಯಲ್ಲಿ ಸಾಲಾಗಿ ಸೊನ್ನೆ ಸೊನ್ನೆ ಸೊನ್ನೆ ಎಂದು ಬರೆದು ಗುರುಗಳ ಮುಂದಿಟ್ಟೆ. ಅವರು ಕನ್ನಡಕ ಮೇಲೇರಿಸಿ, "ಸೊನ್ನೆ ಅಂತ ಬರೆಯೋಕೆ ನಿನಗೆ ಯಾರು ಹೇಳಿದ್ದು?" ಎಂದರು.

"ಸೀಸ ಇಲ್ಲ ಸರ್."

"ಇಲ್ಲ ಅಂತ ನಿನಗೆ ಹೇಗೆ ಗೊತ್ತು? ನಿನ್ನ ಯಂತ್ರಕ್ಕೆ ಕಾಣಲಿಲ್ಲ. ಅದಕ್ಕೆ ಎಷ್ಟರ ತನಕ ಕಾಣತ್ತೆ?"

ಜ್ವಾಲೆ ಉರಿಸಿ ಅಳೆಯುವ ಆ ಯಂತ್ರಕ್ಕೆ ನಂಬಿಕೆಯಿಂದ ಕಾಣುತ್ತಿದ್ದುದು ಲೀಟರಿಗೆ 0.1 ಮಿಲಿಗ್ರಾಮಿನವರೆಗೆ ಮಾತ್ರ. ಕುಡಿಯುವ ನೀರಿನಲ್ಲಿ ಇರಬಹುದಾದ ಸೀಸಕ್ಕೆ ಭಾರತೀಯ ಮಾನಕದ ಈಗಿನ ಮಿತಿ 0.01 ಮಿಲಿಗ್ರಾಮ್. ಅಂದರೆ ಮಿತಿಯ ಒಂಬತ್ತು ಪಟ್ಟು ವಿಷವಿದ್ದರೂ ನನ್ನ ಯಂತ್ರ ಸುಮ್ಮನೆ ಕೂತಿರುತ್ತಿತ್ತು, ನಾನು ಸೊನ್ನೆ ಬರೆಯುತ್ತಿದ್ದೆ. ಗುರುಗಳು ಕೊನೆಗೆ ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: "ಆ ನೀರು ಕುಡಿಯುವವರು ನಿನ್ನ ಯಂತ್ರ ನೋಡಲ್ಲ, ನಿನ್ನ ಸೊನ್ನೆ ನೋಡ್ತಾರೆ." ಇನ್ನೂ ಸೂಕ್ಷ್ಮವಾದ ಯಂತ್ರದಲ್ಲಿ ಮತ್ತೆ ಅಳೆದೆವು. ಮಿತಿಯೊಳಗೇ ಇತ್ತು, ದೇವರು ದೊಡ್ಡವನು. ಆದರೆ ಸೊನ್ನೆ ಇರಲಿಲ್ಲ.

ಅಂದಿನಿಂದ ನಾನು "ಇಲ್ಲ" ಎಂದು ಬರೆದಿಲ್ಲ. "ಇಂಥ ಯಂತ್ರದಿಂದ ನೋಡಿದೆ, ಇಷ್ಟಕ್ಕಿಂತ ಹೆಚ್ಚು ಇದ್ದಿದ್ದರೆ ಕಾಣುತ್ತಿತ್ತು, ಕಾಣಲಿಲ್ಲ" ಎಂದು ಬರೆಯುತ್ತೇನೆ. ವಾಕ್ಯ ಉದ್ದವಾಗುತ್ತದೆ, ಆದರೆ ಪ್ರಾಮಾಣಿಕವಾಗಿರುತ್ತದೆ.

ಕಾಡಿನ ಲೆಕ್ಕವೂ ಹೀಗೆಯೇ. ಒಂದು ಜೀವಿ ಆ ಜಾಗದಲ್ಲಿ ಇದ್ದೇ ಇದೆ ಎಂದಿಟ್ಟುಕೊಳ್ಳೋಣ. ಒಂದು ಸಲ ಹೋದಾಗ ಅದು ಕಣ್ಣಿಗೆ ಬೀಳುವ ಸಾಧ್ಯತೆ ಎರಡರಲ್ಲಿ ಒಂದು ಎನ್ನಿ. ಮೂರು ಸಲ ಹೋದರೆ ಮೂರೂ ಸಲ ತಪ್ಪಿಸಿಕೊಳ್ಳುವ ಸಾಧ್ಯತೆ ಎಂಟರಲ್ಲಿ ಒಂದು. ಪರವಾಗಿಲ್ಲ. ಆದರೆ ಸಾಧ್ಯತೆ ಹತ್ತರಲ್ಲಿ ಒಂದೇ ಆದರೆ? ಮೂರು ಸಲ ಹೋದರೂ ನೂರಕ್ಕೆ ಎಪ್ಪತ್ಮೂರು ಪಾಲು ಅದು ಕಾಣುವುದೇ ಇಲ್ಲ. ಕಾಗದದ ಮೇಲೆ ಎರಡೂ ಒಂದೇ ವಾಕ್ಯ: "ಮೂರು ಬಾರಿ ಪರಿಶೀಲಿಸಲಾಯಿತು, ಕಂಡುಬರಲಿಲ್ಲ." ಬೆಲೆ ಮಾತ್ರ ಆಕಾಶ ಭೂಮಿಯಷ್ಟು ಬೇರೆ.

ಅಂಥ ಹತ್ತರಲ್ಲೊಂದು ಜೀವಿ ಪೈನ್ ಬುಷ್‌ನಲ್ಲಿ ಇದೆಯೇ ಎಂದರೆ, ಇದೆ. ಸ್ಪೇಡ್‌ಫುಟ್ ಎಂಬ ಒಂದು ಕಪ್ಪೆ. ಹಿಂಗಾಲಿನಲ್ಲಿ ಗುದ್ದಲಿಯಂಥ ಗಟ್ಟಿ ಅಂಚಿದೆ. ಅದರಿಂದ ಮರಳು ತೋಡಿ ಒಳಗೆ ಸೇರಿತೆಂದರೆ ವರ್ಷದ ಬಹುಭಾಗ ಅಲ್ಲೇ. ಬೆಚ್ಚಗಿನ ಕಾಲದಲ್ಲಿ ಜೋರು ಮಳೆ ಸುರಿದ ರಾತ್ರಿ ಎದ್ದು ಬಂದು, ಮಳೆಗುಂಡಿಯಲ್ಲಿ ಕೂಗಿ, ಮೊಟ್ಟೆಯಿಟ್ಟು ಮತ್ತೆ ಮರಳಿನೊಳಗೆ. ಬಿಸಿಲಿನ ಮಧ್ಯಾಹ್ನ ಚಿಟ್ಟೆ ಎಣಿಸುವವನು ಅದರ ತಲೆಯ ಮೇಲೇ ನಡೆದು ಹೋಗುತ್ತಾನೆ. ಚಿಟ್ಟೆಗೆ ಒಳ್ಳೆಯ ದಿನ ಕಪ್ಪೆಗೆ ಕೆಟ್ಟ ದಿನ, ಒಬ್ಬನೇ ಒಂದೇ ಹೊತ್ತಿನಲ್ಲಿ ಎರಡನ್ನೂ ನೋಡಲಾರ.

ಇನ್ನು ಕೋರ್ಟಿನ ವಿಚಾರ. ನಮ್ಮ ಹಿರಿಯರು ಹೇಳಿದ ಹಾಗೆ ವ್ಯಾಜ್ಯಗಳು ಬಹಳ ನಡೆದವು. 1978ರಲ್ಲಿ ಊರಿನ ಕೆಲವರು ಸೇರಿ "ಸೇವ್ ದ ಪೈನ್ ಬುಷ್" ಎಂಬ ಸಂಘ ಕಟ್ಟಿಕೊಂಡರು. ರಾಜ್ಯದಲ್ಲಿ ಪರಿಸರ ಪರಿಣಾಮ ವರದಿಯ ಕಾಯಿದೆ 1975ರಲ್ಲೇ ಬಂದಿತ್ತು. ಅದನ್ನು ಹಿಡಿದು ಅವರು ನಗರದ ಮೇಲೆ ದಾವೆ ಹೂಡುತ್ತ ಬಂದರು. ರಾಜ್ಯದ ಅತ್ಯುನ್ನತ ನ್ಯಾಯಾಲಯ ಕೊಟ್ಟ ಎರಡು ತೀರ್ಪುಗಳನ್ನು ನಾವು ತಿಳಿದಿರಬೇಕು.

ಮೊದಲನೆಯದು 1987ರದು. ಒಂದೊಂದೇ ಕಟ್ಟಡಕ್ಕೆ ಬೇರೆ ಬೇರೆಯಾಗಿ "ಇದೊಂದರಿಂದ ಏನೂ ಆಗದು" ಎಂದು ಒಪ್ಪಿಗೆ ಕೊಡುವ ಹಾಗಿಲ್ಲ, ಆ ಪ್ರದೇಶಕ್ಕೆ ಬಂದಿರುವ ಬೇರೆ ಯೋಜನೆಗಳನ್ನೂ ಕೂಡಿಸಿ ಒಟ್ಟು ಪರಿಣಾಮ ನೋಡಬೇಕು ಎಂದಿತು. ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡಬ್ಬಿಯಿಂದ ಒಬ್ಬೊಬ್ಬರು ಒಂದೊಂದೇ ಚಕ್ಕುಲಿ ತೆಗೆದದ್ದು, ಆದರೂ ಡಬ್ಬಿ ಖಾಲಿ!

ಎರಡನೆಯದು 2009ರದು. ಪೈನ್ ಬುಷ್ ಬಳಿ ಒಂದು ಹೋಟೆಲ್ ಕಟ್ಟುವ ಯೋಜನೆ ಅದು, ಕಸದ ಗುಡ್ಡದ್ದಲ್ಲ. ಆದರೆ ಪ್ರಶ್ನೆ ನಮ್ಮದೇ. ನಗರದ ವರದಿ ಕಾರ್ನರ್ ಬ್ಲೂ ಚಿಟ್ಟೆಯ ಮೇಲೆ ಗಮನ ಕೊಟ್ಟಿತ್ತು. ಸ್ಪೇಡ್‌ಫುಟ್ ಕಪ್ಪೆ, ಹಾಗ್‌ನೋಸ್ ಹಾವು, ಲುಪಿನ್‌ನಂಥ ಗಿಡಗಳನ್ನೇ ನಂಬಿದ ಫ್ರಾಸ್ಟೆಡ್ ಎಲ್ಫಿನ್ ಎಂಬ ಇನ್ನೊಂದು ಚಿಟ್ಟೆ, ಇವನ್ನೆಲ್ಲ ಯಾಕೆ ನೋಡಲಿಲ್ಲ ಎಂದು ಸಂಘದವರು ಕೇಳಿದರು. ಕೆಳಗಿನ ಕೋರ್ಟುಗಳಲ್ಲಿ ಗೆದ್ದರು, ಮೇಲಿನ ಕೋರ್ಟಿನಲ್ಲಿ ಸೋತರು. ಊಹಿಸಬಹುದಾದ ಪ್ರತಿಯೊಂದು ಸಮಸ್ಯೆಯನ್ನೂ ನಗರ ಹುಡುಕಿ ಪರೀಕ್ಷಿಸಬೇಕಾಗಿಲ್ಲ, ಯಾವುದು ಮುಖ್ಯವೆಂದು ಯುಕ್ತವಾದ ಮಿತಿಯಲ್ಲಿ ಅದು ಆರಿಸಿಕೊಳ್ಳಬಹುದು ಎಂದಿತು ಕೋರ್ಟು. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಪಕ್ಕದಲ್ಲಿ ಮನೆಯಿಲ್ಲದಿದ್ದರೂ, ಆ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅಲ್ಲಿನ ಗಿಡ, ಪ್ರಾಣಿಗಳನ್ನು ಕಂಡು ಸಂತೋಷಪಡುವವರಿಗೆ ಕೋರ್ಟಿನ ಬಾಗಿಲು ತಟ್ಟುವ ಹಕ್ಕಿದೆ. ಬೇರೆಯವರಿಗಿಂತ ತಮಗೆ ಹೆಚ್ಚಿನ ನಷ್ಟವಾಗುತ್ತದೆ ಎಂದು ಅವರು ತೋರಿಸಿಕೊಟ್ಟರೆ ಸಾಕು.

ಅದೇ 2009ರಲ್ಲಿ ರಾಜ್ಯದ ಪರಿಸರ ಇಲಾಖೆ ರಾಪ್ ರೋಡ್ ಗುಡ್ಡದ ವಿಸ್ತರಣೆಗೆ ಅನುಮತಿ ಕೊಟ್ಟಿತು. ಪುಕ್ಕಟೆಯಾಗಿ ಅಲ್ಲ, ಸುತ್ತಲಿನ ಪೈನ್ ಬುಷ್ ನೆಲೆಯನ್ನು ಮತ್ತೆ ಬೆಳೆಸಬೇಕೆಂಬ ಹೊಣೆಯನ್ನೂ ಜೊತೆಗೆ ಹೊರಿಸಿತು. ಹುಳು ತಿನ್ನುವ ಎಲೆ ಒಂದೇ, ಚಿಟ್ಟೆ ಸಾಮಾನ್ಯವಾಗಿ ಹಾರುವುದು ಒಂದೆರಡು ನೂರು ಮೀಟರ್ ಮಾತ್ರ ಎಂಬುದು ಗೊತ್ತಿದ್ದರೆ, ಎಲ್ಲೆಲ್ಲಿ ಲುಪಿನ್ ಬಿತ್ತಿದರೆ ಚೂರುಗಳು ಒಂದಾದಾವು ಎಂದು ಲೆಕ್ಕ ಹಾಕಬಹುದು. ಬಿತ್ತುವುದು, ಹತೋಟಿಯಲ್ಲಿ ಬೆಂಕಿ ಕೊಡುವುದು, ಮರಿ ಬೆಳೆಸಿ ಬಿಡುವುದು, ಇವೆಲ್ಲದರಿಂದ ಪೈನ್ ಬುಷ್‌ನಲ್ಲಿ ಕಾರ್ನರ್ ಬ್ಲೂ ಸಂಖ್ಯೆ ಚೇತರಿಕೆಯ ಗುರಿಯಾಗಿದ್ದ 3,000ವನ್ನು ದಾಟಿತು. ಅಮ್ಮ ಎಣಿಸಿದ ಏಳೂ ಈ ಲೆಕ್ಕದ ಪೈಕಿಯೇ. ಸರಿಯಾಗಿ ನೋಡಿದ್ದಕ್ಕೆ ಸಿಕ್ಕ ಫಲ ಇದು. ಎಲ್ಲಿದೆ, ಎಷ್ಟಿದೆ, ಏನು ತಿನ್ನುತ್ತದೆ ಎಂದು ತಿಳಿಯದಿದ್ದರೆ ಹೊಣೆ ಹೊರಿಸುವುದಾದರೂ ಹೇಗೆ?

ಕೋರ್ಟಿನ ಮಾತು ನನಗೆ ಮೊದಲು ಬೇಸರ ತರಿಸಿತು. ಆಮೇಲೆ ಯೋಚಿಸಿದರೆ ನಾನೂ ನೀರಿನಲ್ಲಿ ಜಗತ್ತಿನ ಎಲ್ಲ ಪದಾರ್ಥಗಳನ್ನೂ ಹುಡುಕುವುದಿಲ್ಲ, ಹುಡುಕಲಾರೆ. ಹಣಕ್ಕೂ ಆಯುಷ್ಯಕ್ಕೂ ಮಿತಿ ಇದೆ. ಆದರೆ ಹುಡುಕದೆ ಬಿಟ್ಟದ್ದು ಯಾವುದು ಎಂದು ಬರೆಯುವುದಕ್ಕೆ ಒಂದು ಸಾಲು ಸಾಕು. "ಸೀಸ ನೋಡಿದೆ, ಆರ್ಸೆನಿಕ್ ನೋಡಿಲ್ಲ." ಇಷ್ಟು ಬರೆದರೆ ಓದುವವನು ಎಚ್ಚರದಿಂದಿರುತ್ತಾನೆ. ಬರೆಯದಿದ್ದರೆ ನೋಡದೆ ಬಿಟ್ಟದ್ದೂ ಅವನ ಮನಸ್ಸಿನಲ್ಲಿ "ಇಲ್ಲ" ಆಗಿಬಿಡುತ್ತದೆ. ಕಪ್ಪೆ ಸಾಯುವುದು ಆ ಸಾಲಿನ ಕೊರತೆಯಿಂದ.

ಕಪ್ಪೆಯ ಮಾತೇಕೆ, ಮನುಷ್ಯರದ್ದೇ ಹೇಳೋಣ. ಆ ರಾಪ್ ರೋಡಿನಲ್ಲಿ ಕರಿಯರ ಒಂದು ಹಳೆಯ ವಸತಿ ಇದೆ. ಮಿಸಿಸಿಪಿಯ ಶುಬೂಟ ಎಂಬ ಊರಿನ ಕಡೆಯಿಂದ ವಲಸೆ ಬಂದವರು ಪೈನ್ ಬುಷ್‌ನ ಮರಳಿನಲ್ಲಿ ತಾವೇ ಮನೆ ಕಟ್ಟಿಕೊಂಡು, ತರಕಾರಿ ಬೆಳೆದುಕೊಂಡು ನಿಂತರು. ಅದು ಇಂದು ರಾಷ್ಟ್ರದ ಚಾರಿತ್ರಿಕ ಸ್ಥಳಗಳ ಪಟ್ಟಿಯಲ್ಲಿದೆ. ಊರು ಬಿಟ್ಟು ಬಂದು ಪರನೆಲದಲ್ಲಿ ಬೇರೂರುವುದು ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಊರಿನ ಕಸ ಎಲ್ಲಿ ಬೀಳಬೇಕು, ರಸ್ತೆ ಎಲ್ಲಿ ಹಾಯಬೇಕು ಎಂದು ನಕ್ಷೆಯಲ್ಲಿ ಗೆರೆ ಎಳೆಯುವವರಿಗೆ ಮರಳುದಿಬ್ಬ "ಖಾಲಿ ಜಾಗ"ವಾಗಿ ಕಾಣುತ್ತದೆ. ಖಾಲಿ ಎಂದರೂ "ಕಂಡುಬರಲಿಲ್ಲ" ಎಂಬುದಕ್ಕೆ ಇನ್ನೊಂದು ಹೆಸರು.

ಹಾಗಾದರೆ ನಾವೇನು ಮಾಡಬಹುದು? ನಿಮ್ಮ ಊರಿನಲ್ಲೂ ಒಂದು ದಿನ ಇಂಥ ನೋಟೀಸು ಬಂದೀತು: ಕಸದ ಗುಂಡಿಯೋ, ರಸ್ತೆಯೋ, ಗೋದಾಮೋ. ವರದಿ ನೂರಾರು ಪುಟವಿರುತ್ತದೆ, ಹೆದರಬೇಡಿ. ಜೀವಿಗಳ ಅಧ್ಯಾಯ ತೆರೆದು ನಾಲ್ಕು ವಿಷಯ ಮಾತ್ರ ಹುಡುಕಿ. ಯಾವ ತಾರೀಖಿನಂದು ಹೋಗಿದ್ದರು? ಎಷ್ಟು ಸಲ, ಎಷ್ಟು ಹೊತ್ತು? ಆ ಜೀವಿ ಇದ್ದಿದ್ದರೆ ಆ ದಿನ ಕಾಣುವಂತಿತ್ತೇ? ಯಾವುದನ್ನು ಹುಡುಕಲೇ ಇಲ್ಲ? ಉತ್ತರ ಸಿಗದಿದ್ದರೆ ಅದನ್ನೇ ಒಂದು ಕಾಗದದಲ್ಲಿ ಬರೆದು ಕಳಿಸಿ. ಅಭಿಪ್ರಾಯಕ್ಕೆ ಕೊಟ್ಟ ಗಡುವಿನೊಳಗೆ ಯಾರು ಬೇಕಾದರೂ ಬರೆಯಬಹುದು, ಅದಕ್ಕೆ ವೋಟಿನ ಹಕ್ಕು ಬೇಕಿಲ್ಲ, ಡಾಕ್ಟರೇಟೂ ಬೇಕಿಲ್ಲ. "ನಾವು ಹೊರಗಿನವರು, ನಮಗೇಕೆ" ಎಂದು ನಮ್ಮಲ್ಲಿ ಅನೇಕರು ಸುಮ್ಮನಿರುತ್ತೇವೆ. ಆದರೆ ಹನ್ನೊಂದು ಚೀಲ ಕಳಿಸುವಾಗ ನಾವು ಹೊರಗಿನವರಾಗಿರಲಿಲ್ಲ.

ಈ ಲೇಖನದ ಕರಡನ್ನು ನಮ್ಮ ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರ ಮೇಲೆ ಬರೆದು ಅವರಿಗೇ ತಿಳಿಸದಿದ್ದರೆ ಸರಿಯಲ್ಲವಲ್ಲ. ಕೊನೆಯವರೆಗೂ ಕೇಳಿ, "ಅಂದರೆ ಗುಡ್ಡ ಬೆಳೆಯಲೇಬಾರದು ಅಂತೀಯಾ?" ಎಂದರು.

"ಅದನ್ನು ಊರಿನವರೆಲ್ಲ ಸೇರಿ ತೀರ್ಮಾನಿಸಲಿ ಸರ್. ನೋಡದೆ ಇಲ್ಲ ಅನ್ನಬಾರದು ಅಂತ ಅಷ್ಟೇ ನನ್ನ ವಾದ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಆಮೇಲೆ ಹೇಳಿದರು: "ನೆಲಮಾಳಿಗೆಯಲ್ಲಿ ಸ್ಟೀಲ್ ತಟ್ಟೆ ಇವೆಯಮ್ಮಾ. ಮಗಳ ಮದುವೆಗೆ ಊರಿಂದ ತರಿಸಿದ್ದು, ನೂರರ ಹತ್ತಿರ ಇರಬೇಕು. ಇವೆಯೋ ಇಲ್ಲವೋ..." ಎಂದು ತಡೆದು, ತಾವೇ ನಕ್ಕು, "ಇರು, ಕೆಳಗಿಳಿದು ನೋಡಿಯೇ ಹೇಳ್ತೀನಿ" ಎಂದರು.

ಮರುದಿನ ಫೋನ್ ಬಂತು. ತೊಂಬತ್ತಾರು ತಟ್ಟೆ, ಎಂಬತ್ತು ಲೋಟ. ದೀಪಾವಳಿಯ ಊಟ ಅದರಲ್ಲೇ ಆಗಲಿ ಎಂದಿದ್ದಾರೆ. ತೊಳೆಯುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದು, ಎರಡನೆಯದು ಆ ಪುಟ್ಟ ಹುಡುಗಿಯದು. ಉಳಿದವರು ದಯವಿಟ್ಟು ಸಂಪಾದಕರಿಗೆ ಹೆಸರು ಕೊಡಿ. ಹೆಸರು ಕೊಡದವರನ್ನು "ಕಂಡುಬರಲಿಲ್ಲ" ಎಂದು ಬರೆದುಕೊಳ್ಳುತ್ತೇನೆ. ಇಲ್ಲ ಎಂದು ಮಾತ್ರ ಬರೆಯುವುದಿಲ್ಲ, ಮತ್ತೆ ಮತ್ತೆ ಬಂದು ನೋಡುತ್ತೇನೆ.

ಮುಂದಿನ ಸಂಚಿಕೆಯಲ್ಲಿ ಹುಣಸೆಹಣ್ಣು ತಾಮ್ರದ ಪಾತ್ರೆಯನ್ನು ಹೇಗೆ ಬೆಳಗುತ್ತದೆ ಎಂಬುದನ್ನು ನೋಡೋಣ.